ಆಂಚೆಲೊಟ್ಟಿ ದೊಡ್ಡ ಕೋಚಾ, ಇಲ್ಲ ಸಿಕ್ಕಿದ ಟೀಮೇ ದೊಡ್ಡದಾ?

ನಿದ್ದೆಗೆಟ್ಟವನು
ಮಂಗಳವಾರ (2025ರ ಅಕ್ಟೋಬರ್ 14) ಸಂಜೆ ಆಫೀಸಲ್ಲಿ ಕದ್ದುಮುಚ್ಚಿ ಬ್ರೆಜಿಲ್–ಜಪಾನ್ ಫುಟ್‌ಬಾಲ್ ಮ್ಯಾಚ್ ನೋಡಿದೆ. ಬ್ರೆಜಿಲ್ ಕೋಚ್ ಇಟಲಿಯ ಕಾರ್ಲೊ ಆಂಚೆಲೊಟ್ಟಿ. ಹಾಫ್ ಟೈಮಿಗೆ ಬ್ರೆಜಿಲ್ 2-0 ಮುಂದಿತ್ತು. ಒಂದು ಟೀ ಕುಡಿದು ಬಂದು, ಎರಡು ಮೇಲ್‌ಗೆ ಉತ್ತರ ಕೊಟ್ಟು ನೋಡ್ತೀನಿ, 3-2 ಸೋಲು. ಬ್ರೆಜಿಲ್ ಜಪಾನ್‌ಗೆ ಸೋತಿದ್ದು ಇದೇ ಮೊದಲ ಸಲ. ನಾಲ್ಕು ದಿನ ಹಿಂದೆ ಇದೇ ಕೋಚ್ ಕೈಲಿ ದಕ್ಷಿಣ ಕೊರಿಯಾಗೆ ಐದು ಗೋಲು ಹೊಡೆದಿದ್ದರು.

ಪಕ್ಕದ ಸೀಟಿನವನು ಶುರು ಹಚ್ಚಿಕೊಂಡ. "ನಿಮ್ಮ ಆಂಚೆಲೊಟ್ಟಿ ಕೋಚೇ ಅಲ್ಲ ಗುರು. ಕಾಕಾ, ರೊನಾಲ್ಡೊ, ಬೆನ್ಜೆಮಾ ಅಂಥ ಸ್ಟಾರ್‌ಗಳು ಇದ್ದರೆ ನಮ್ಮ ಅಪಾರ್ಟ್‌ಮೆಂಟ್ ಸೆಕ್ರೆಟರಿನೂ ಕಪ್ ಗೆಲ್ಲಿಸ್ತಾನೆ" ಅಂದ. ಕೋಚ್ ಆಗಿ ಐದು ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್), ಬೇರೆ ಯಾರಿಗೂ ಅಷ್ಟಿಲ್ಲ ಅಂದೆ. "ಲಕ್ಕು" ಅಂದ. ಐದು ಸಲ ಲಕ್ಕಾ?

ಆದರೆ ಮನೆಗೆ ಬಂದ ಮೇಲೆ ತಲೆ ಕೊರೀತಾ ಇದೆ. ಬೇರೆ ಕೋಚ್‌ಗಳನ್ನು ನೋಡಿ. ಗ್ವಾರ್ಡಿಯೊಲಾ ಅಂದರೆ ಪಾಸು. ಕ್ಲಾಪ್ ಅಂದರೆ ಓಟ. ಮೊರಿನ್ಯೊ ಅಂದರೆ ಜಗಳ. ಆಂಚೆಲೊಟ್ಟಿ ಅಂದರೆ ಏನು? ಗೊತ್ತಿದ್ದವರು ಹೇಳಿ. ನಾಳೆ ಊಟದ ಹೊತ್ತಿಗೆ ನನಗೆ ಮದ್ದುಗುಂಡು ಬೇಕು.

ಗೋಲ್‌ಕಿಕ್ ಗಿರಾಕಿ
ಹುಬ್ಬು. ಯಾವಾಗಲೂ ಮೇಲೆತ್ತಿರೋ ಆ ಎಡಗಡೆದು.

ಸಣ್ಣ ಪಾಸು
ಮ್ಯಾಚ್ ಪೂರ್ತಿ ಜಗಿಯೋ ಚೂಯಿಂಗ್ ಗಮ್ ಬಿಟ್ರಲ್ಲ.

ಹಳೇ ಬೂಟು
ಪಕ್ಕದ ಸೀಟಿನವರಿಗೆ ಇದನ್ನು ಓದಿಸಿ. ಕೋಚ್ ಆಗೋ ಮೊದಲು ಆ ಮನುಷ್ಯ ಏನಾಗಿದ್ದರು ಅಂತ ಗೊತ್ತಿಲ್ಲದೆ ಮಾತಾಡೋರು ಜಾಸ್ತಿ ಆಗಿದ್ದಾರೆ.

1959ರಲ್ಲಿ ಉತ್ತರ ಇಟಲಿಯ ರೆಜ್ಜೋಲೊ ಅನ್ನೋ ಸಣ್ಣ ಊರಲ್ಲಿ ಹುಟ್ಟಿದ್ದು. ರೈತರ ಮನೆ. ಅಪ್ಪ ಹಸು ಕಟ್ಟಿಕೊಂಡು ಪಾರ್ಮೆಸಾನ್ ಚೀಸ್ ಮಾಡುತ್ತಿದ್ದರು. ಪಾರ್ಮಾ ಕ್ಲಬ್ ಮೂರನೇ ದರ್ಜೆಯಲ್ಲಿದ್ದಾಗ ಆಡೋಕೆ ಶುರು ಮಾಡಿದರು. 1979ರಲ್ಲಿ ಬಿ (ಎರಡನೇ) ದರ್ಜೆಗೆ ಏರುವ ಪ್ಲೇಆಫ್‌ನಲ್ಲಿ ಇವರದೇ ಎರಡು ಗೋಲು. ಆ ಬೇಸಿಗೆಯಲ್ಲೇ ರೋಮಾ ಎತ್ತಿಕೊಂಡು ಹೋಯಿತು. 1983ರಲ್ಲಿ ಅಲ್ಲಿ ಲೀಗ್ ಗೆದ್ದರು. ಕೋಚ್ ಸ್ವೀಡನ್ನಿನ ನಿಲ್ಸ್ ಲೀಡ್‌ಹೋಮ್. ದನಿ ಎತ್ತದ ಮನುಷ್ಯ. ಆಂಚೆಲೊಟ್ಟಿ ಆ ತಣ್ಣನೆ ಸ್ವಭಾವ ಅಲ್ಲಿಂದಲೇ ತಂದಿದ್ದು ಅಂತ ನನ್ನ ಲೆಕ್ಕ.

ಈಗ ಲಕ್ಕಿನ ಮಾತು. 1981ರಲ್ಲಿ ಒಂದು ಮಂಡಿ ಹೋಯಿತು. 1982ರ ವಿಶ್ವಕಪ್ ಆಡೋಕಾಗಲಿಲ್ಲ, ಆ ವರ್ಷ ಇಟಲಿ ಕಪ್ ಗೆದ್ದಿತು. 1983ರ ಡಿಸೆಂಬರ್‌ನಲ್ಲಿ ಇನ್ನೊಂದು ಮಂಡಿ ಹೋಯಿತು. 1984ರ ಯುರೋಪಿಯನ್ ಕಪ್ (ಚಾಂಪಿಯನ್ಸ್ ಲೀಗಿನ ಹಳೇ ಹೆಸರು) ಫೈನಲ್ ರೋಮಾದ ಸ್ವಂತ ಮೈದಾನದಲ್ಲೇ ಇತ್ತು, ಲಿವರ್‌ಪೂಲ್ ಎದುರು. ಇವರು ಆಡಲಿಲ್ಲ, ರೋಮಾ ಪೆನಾಲ್ಟಿಯಲ್ಲಿ ಸೋತಿತು. ಇದು ಲಕ್ಕಾದರೆ ಅಂಥ ಲಕ್ಕು ನನಗೆ ಬೇಡಪ್ಪ.

1987ರಲ್ಲಿ ಕೋಚ್ ಸಾಕ್ಕಿ ಮಿಲಾನ್ ಕ್ಲಬ್ಬಿಗೆ ಕರೆಸಿದರು. ಮಾಲೀಕ ಬೆರ್ಲುಸ್ಕೋನಿಗೆ ಆ ಮಂಡಿಗಳ ಮೇಲೆ ನಂಬಿಕೆ ಇರಲಿಲ್ಲ, ಸಾಕ್ಕಿ ಹಟ ಹಿಡಿದರು. ಮುಂದೆ 1989, 1990, ಎರಡು ಯುರೋಪಿಯನ್ ಕಪ್. 1989ರ ಸೆಮಿಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಹೊಡೆದ ಐದು ಗೋಲಲ್ಲಿ ಮೊದಲನೆಯದು ಇವರದೇ. ದೂರದಿಂದ ಬಾರಿಸಿದ್ದು. ಹುಡುಕಿ ನೋಡಿ, ಎರಡು ಸಲ ರಿಪೇರಿ ಆದ ಕಾಲು ಅಂತ ಅನ್ನಿಸಲ್ಲ.

ಲೆಕ್ಕದ ಮೇಷ್ಟ್ರು
ಬೂಟು ಸರ್, ಆಟಗಾರನಾಗಿ ಒಪ್ಪಿದೆ. ಕೇಳಿದ್ದು ಕೋಚ್ ಬಗ್ಗೆ. ಪಕ್ಕದ ಸೀಟಿನವನ ಕಡೆ ನಾನಿದ್ದೀನಿ.

1995ರಲ್ಲಿ ರೆಜ್ಜಾನಾ ಕ್ಲಬ್ಬಲ್ಲಿ ಶುರು. 2025ರಲ್ಲಿ ರಿಯಲ್ ಮ್ಯಾಡ್ರಿಡ್ ಬಿಟ್ಟರು. ಮೂವತ್ತು ವರ್ಷದಲ್ಲಿ ಗೆದ್ದ ದೇಶದೊಳಗಿನ ಲೀಗ್ ಎಷ್ಟು? ಆರು. ಮಿಲಾನ್ 2004, ಚೆಲ್ಸಿ 2010, ಪ್ಯಾರಿಸ್ಸಿನ ಪಿಎಸ್‌ಜಿ 2013, ಬಯರ್ನ್ 2017, ಮ್ಯಾಡ್ರಿಡ್ 2022 ಮತ್ತು 2024. ಮಾಲ್ದಿನಿ, ನೆಸ್ಟಾ, ಪಿರ್ಲೊ, ಕಾಕಾ, ಶೆವ್‌ಚೆಂಕೊ ಇದ್ದ ಮಿಲಾನ್‌ನಲ್ಲಿ ಏಳೂವರೆ ವರ್ಷಕ್ಕೆ ಒಂದೇ ಒಂದು. ಯುವೆಂಟಸ್‌ನಲ್ಲಿ ಎರಡು ಪೂರ್ತಿ ಸೀಸನ್, ಎರಡೂ ಸಲ ಎರಡನೇ ಸ್ಥಾನ. ಗ್ವಾರ್ಡಿಯೊಲಾ ಹತ್ತಿರ 12 ಲೀಗ್ ಇದೆ.

ಕಪ್ ಅಂದರೆ ಕೊನೆಗೆ ಏಳೆಂಟು ರಾತ್ರಿಯ ಆಟ. ಲೀಗ್ ಅಂದರೆ 38 ವಾರ. ಯಾವುದರಲ್ಲಿ ಲಕ್ಕು ನಡೆಯುತ್ತೆ ನೀವೇ ಹೇಳಿ.

ಸಣ್ಣ ಪಾಸು
ಮೇಷ್ಟ್ರೇ, ಆ ಆರೂ ಎಲ್ಲೆಲ್ಲಿ ಬಂದವು ಅಂತ ನೀವೇ ಬರೆದಿದ್ದೀರಲ್ಲ, ಇನ್ನೊಂದು ಸಲ ಓದಿ. ಇಟಲಿ, ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಸ್ಪೇನ್. ಐದು ದೊಡ್ಡ ಲೀಗ್, ಐದರಲ್ಲೂ ಚಾಂಪಿಯನ್. 2022ರಲ್ಲಿ ಅದು ಪೂರ್ತಿಯಾದಾಗ ಬೇರೆ ಯಾವ ಕೋಚೂ ಮಾಡಿರಲಿಲ್ಲ.

ಲೆಕ್ಕದ ಮೇಷ್ಟ್ರು
ಪಿಎಸ್‌ಜಿ, ಬಯರ್ನ್ ಜೊತೆ ಲೀಗ್ ಗೆಲ್ಲೋದು ನಮ್ಮ ಏರಿಯಾದಲ್ಲಿ ನೀರು ಬರದೇ ಇರೋಷ್ಟೇ ಸಹಜ.

ಸಣ್ಣ ಪಾಸು
2012ರಲ್ಲಿ ಅದೇ ಪಿಎಸ್‌ಜಿ ಮಾಂಪೆಲಿಯೆ ಹಿಂದೆ ಎರಡನೇದಾಗಿ ಮುಗಿಸಿತ್ತು. ಆಗಲೂ ಕೋಚ್ ಇವರೇ.

ಲೆಕ್ಕದ ಮೇಷ್ಟ್ರು
ನನ್ನ ಕೆಲಸ ನೀವೇ ಮಾಡಿಕೊಟ್ರಿ. ಥ್ಯಾಂಕ್ಸ್ 😄

ಹುಬ್ಳಿ ಹಾಫ್‌ಬ್ಯಾಕ್
ಅಲ್ರೀ ಮೇಷ್ಟ್ರೇ, ಯುವೆಂಟಸ್‌ನ 2000ದ ಲೀಗ್ ಹೋಗಿದ್ದು ಮಳೆಯಿಂದ ರೀ. ಕೊನೆ ದಿನ ಲಾಜಿಯೊಗಿಂತ ಎರಡು ಪಾಯಿಂಟ್ ಮುಂದಿದ್ದರು. ಮ್ಯಾಚು ಪೆರುಜಾ ಊರಲ್ಲಿ. ಹಾಫ್ ಟೈಮಿಗೆ ಆಕಾಶ ಹರಿದು ಬಿತ್ತು. ಮೈದಾನ ಕೆರೆ ಆಯಿತು. ರೆಫರಿ ಕೊಲೀನಾ, ಆ ಬೋಳು ತಲೆಯವರು, ಛತ್ರಿ ಹಿಡಿದು ಚೆಂಡು ಪುಟಿಸಿ ನೋಡ್ತಾರೆ, ಪುಟಿಯಲ್ಲ. ಒಂದು ತಾಸಿಗೂ ಜಾಸ್ತಿ ಕಾಯಿಸಿ ಮತ್ತೆ ಆಡಿಸಿದರು. ಕಲೋರಿ ಗೋಲು ಹೊಡೆದ, ಪೆರುಜಾ 1-0. ರೋಮ್‌ನಲ್ಲಿ ಲಾಜಿಯೊದವರು ತಮ್ಮ ಮ್ಯಾಚ್ ಮುಗಿಸಿ ರೇಡಿಯೊ ಕಿವಿಗೆ ಹಚ್ಚಿಕೊಂಡು ಕೂತಿದ್ದರು, ಅವರಿಗೆ ಕಪ್ ಹೋಯಿತು.

ಲಕ್ಕು ಅಂತೀರಿ. ಯಾವ ಲಕ್ಕು ರೀ?

ಕುಡ್ಲ ಕಾರ್ನರ್
ಮತ್ತೆ ಆ ಯುವೆಂಟಸ್‌ನ ಜನ ಇವರನ್ನು ಬರುವಾಗಲೇ ಬೈದದ್ದು ಮಾರಾಯ್ರೆ. ಹಂದಿಗೆ ಕೋಚ್ ಆಗ್ಲಿಕ್ಕೆ ಆಗೂದಿಲ್ಲ ಅಂತ ಬ್ಯಾನರ್ ಕಟ್ಟಿದ್ದರು. ಮೊದಲು ಪಾರ್ಮಾ, ರೋಮಾ, ಮಿಲಾನ್, ಎಲ್ಲ ವೈರಿಗಳ ಮನೆಯವ ಅಲ್ವಾ, ಅದಕ್ಕೆ. ಇವರು ಹುಟ್ಟಿದ ಸೀಮೆಯಲ್ಲಿ ಹಂದಿಗೆ ಭಾರೀ ಮರ್ಯಾದೆ ಉಂಟು, ಹ್ಯಾಮು ಸಲಾಮಿ ಎಲ್ಲ ಅಲ್ಲಿಯದ್ದೇ. ಬೈಗುಳವೂ ಅವರ ಊರಿನ ಸ್ಪೆಷಲ್ ಐಟಮ್ಮೇ ಆಯ್ತು.

ಗೋಲ್‌ಕಿಕ್ ಗಿರಾಕಿ
ರಾತ್ರಿ ಹನ್ನೊಂದಕ್ಕೆ ಸಲಾಮಿ ನೆನಪಿಸಬೇಡಿ.

ಪಾರ್ಮಾದಲ್ಲಿ ಪುಳಿಯೋಗರೆ
ಚೀಸ್ ಮಾತು ಬಂದಿದ್ದಕ್ಕೆ ಲಾಗಿನ್ ಆದೆ. ನಾನು ಇಲ್ಲಿ ಪಾರ್ಮಾದಲ್ಲೇ ಓದುತ್ತಾ ಇದ್ದೀನಿ. ಹೋದ ವರ್ಷ ಕ್ಲಾಸಿನವರ ಜೊತೆ ರೆಜ್ಜೊ ಕಡೆಯ ಒಂದು ಚೀಸ್ ಡೈರಿಗೆ ಹೋಗಿದ್ದೆ. ಬೆಳಗಿನ ಜಾವಕ್ಕೇ ತಾಮ್ರದ ಹಂಡೆಯಲ್ಲಿ ಹಾಲು ಕಾಯೋಕೆ ಇಟ್ಟಿರ್ತಾರೆ. ಒಂದು ಗಾಲಿ ಚೀಸ್‌ಗೆ 500 ಲೀಟರಿಗೂ ಮೇಲೆ ಹಾಲು ಬೇಕು. ಗಾಲಿ ಒಂದೊಂದೂ ಸುಮಾರು 40 ಕಿಲೊ. ಅದನ್ನು ಹಲಗೆ ಮೇಲೆ ಕನಿಷ್ಠ 12 ತಿಂಗಳು ಇಡಬೇಕು. ಆಮೇಲೆ ಒಬ್ಬರು ಸಣ್ಣ ಸುತ್ತಿಗೆ ಹಿಡಿದು ಬಂದು, ಗಾಲಿ ತಿರುಗಿಸಿ ತಿರುಗಿಸಿ ತಟ್ಟಿ ಕಿವಿ ಕೊಟ್ಟು ಕೇಳ್ತಾರೆ. ಒಳಗೆ ಟೊಳ್ಳಿದ್ದರೆ ಸದ್ದಲ್ಲೇ ಗೊತ್ತಾಗುತ್ತೆ. ನಾವು ಕಲ್ಲಂಗಡಿ ತಟ್ಟಿ ನೋಡೋ ಹಾಗೇ!

ಇನ್ನೊಂದು ವಿಷಯ. ಹಸು ಕೊಟ್ಟಿಗೆಯಲ್ಲಿ ಕೆಲಸ ಮಾಡೋರಲ್ಲಿ ತುಂಬ ಜನ ನಮ್ಮ ಪಂಜಾಬಿನವರು. ರೆಜ್ಜೋಲೊ ಪಕ್ಕದ ನೊವೆಲ್ಲಾರಾದಲ್ಲಿ ದೊಡ್ಡ ಗುರುದ್ವಾರವೇ ಇದೆ. ಆಂಚೆಲೊಟ್ಟಿ ಅವರ ಅಪ್ಪ ಮಾಡುತ್ತಿದ್ದ ಕೆಲಸ ಈಗ ಸರ್ದಾರ್‌ಜಿಗಳ ಕೈಲಿದೆ.

ಇವತ್ತು ಮಾಡಿದ ಚೀಸ್‌ಗೆ ದುಡ್ಡು ಬರೋದು ವರ್ಷದ ಮೇಲೆ. ಅಂಥ ಮನೆಯಲ್ಲಿ ಬೆಳೆದವರಿಗೆ ತಾಳ್ಮೆ ಬಂದೇ ಬರುತ್ತೆ ಅಲ್ವಾ?

ಲೆಕ್ಕದ ಮೇಷ್ಟ್ರು
ಅಕ್ಕ, ಹಾಗಾದರೆ ಉಪ್ಪಿನಕಾಯಿ ಹಾಕೋರ ಮನೆ ಮಕ್ಕಳೆಲ್ಲ ಚಾಂಪಿಯನ್ಸ್ ಲೀಗ್ ಗೆಲ್ಲಬೇಕಿತ್ತು.

ಪಾರ್ಮಾದಲ್ಲಿ ಪುಳಿಯೋಗರೆ
ನಮ್ಮ ಅಜ್ಜಿ ಗೆಲ್ಲುತ್ತಿದ್ದರು. ಯಾರೂ ಚಾನ್ಸ್ ಕೊಡಲಿಲ್ಲ ಅಷ್ಟೆ.

ನಿದ್ದೆಗೆಟ್ಟವನು
😂 ಚೆನ್ನಾಗಿದೆ. ಆದರೆ ಸ್ಟೈಲ್ ಏನು ಅನ್ನೋ ನನ್ನ ಪ್ರಶ್ನೆಗೆ ಇನ್ನೂ ಯಾರೂ ಕೈ ಹಾಕಿಲ್ಲ.

ಸಣ್ಣ ಪಾಸು
ನಾನು ಹಾಕ್ತೀನಿ. ಅವರಿಗೆ ಮೊದಲು ಸ್ಟೈಲ್ ಇತ್ತು. ಆಮೇಲೆ ಬಿಟ್ಟರು. ಅದೇ ಅವರ ಕಥೆ.

ಸಾಕ್ಕಿ ಶಿಷ್ಯ ಅಲ್ವಾ, ಶುರುವಿನಲ್ಲಿ 4-4-2 (ನಾಲ್ವರು ಡಿಫೆನ್ಸ್, ನಾಲ್ವರು ಮಧ್ಯೆ, ಇಬ್ಬರು ಮುಂದೆ) ಅಂದರೆ ವೇದ. 1994ರ ವಿಶ್ವಕಪ್ ಫೈನಲ್ ತನಕ ಇಟಲಿ ಟೀಮಲ್ಲಿ ಸಾಕ್ಕಿಗೆ ಸಹಾಯಕರಾಗಿದ್ದರು. ರೆಜ್ಜಾನಾವನ್ನು ಮೊದಲ ವರ್ಷವೇ ಎ ದರ್ಜೆಗೆ ಏರಿಸಿ, 1996ರಲ್ಲಿ ಪಾರ್ಮಾಕ್ಕೆ ಬಂದರು. ಬುಫೋನ್, ಕನ್ನವಾರೊ, ಥುರಾಂ, ಕ್ರೆಸ್ಪೊ, ಎಲ್ಲ ಎಳೇ ಹುಡುಗರು. ಆ ವರ್ಷ ಬರೀ ಎರಡು ಪಾಯಿಂಟಲ್ಲಿ ಲೀಗ್ ತಪ್ಪಿತು. ಆದರೆ ಜೋಲಾ ಅಂಥ ಮಾಂತ್ರಿಕನನ್ನು ಎಡ ಪಕ್ಕಕ್ಕೆ ತಳ್ಳಿದರು. ಆತ ಬೇಸತ್ತು ಚೆಲ್ಸಿಗೆ ಹೋದ. ಮುಂದಿನ ವರ್ಷ ಬ್ಯಾಜಿಯೊ ಬರಲು ತಯಾರಿದ್ದ. ಫಾರ್ವರ್ಡ್‌ಗಳ ಹಿಂದೆ ಆಡ್ತೀನಿ ಅಂದ. ನನ್ನ 4-4-2ನಲ್ಲಿ ಆ ಜಾಗ ಇಲ್ಲ ಅಂತ ಆಂಚೆಲೊಟ್ಟಿ ಬೇಡ ಅಂದುಬಿಟ್ಟರು. ಬ್ಯಾಜಿಯೊ ಬೊಲೋನ್ಯಾಕ್ಕೆ ಹೋಗಿ ಆ ಸೀಸನ್ 22 ಲೀಗ್ ಗೋಲು ಹೊಡೆದು, 1998ರ ವಿಶ್ವಕಪ್ ಟೀಮಿಗೂ ಬಂದ.

ಅದು ತಪ್ಪು ಅಂತ ಮುಂದೆ ಅವರೇ ಒಪ್ಪಿಕೊಂಡಿದ್ದಾರೆ. ಯುವೆಂಟಸ್‌ನಲ್ಲಿ ಜಿದಾನ್ ಸಿಕ್ಕಾಗ ಜಿದಾನ್‌ನನ್ನು ಬದಲಾಯಿಸಲಿಲ್ಲ, ಫಾರ್ಮೇಶನ್ ಬದಲಾಯಿಸಿದರು. ಅಲ್ಲಿಂದ ಮುಂದೆ ಎಲ್ಲಾ ಕಡೆ ಅದೇ. ಮೊದಲು ಯಾರು ಯಾರು ಇದ್ದಾರೆ ನೋಡೋದು, ಆಮೇಲೆ ಚಪ್ಪರ ಹಾಕೋದು.

ಪೀಟಿ ಮೇಡಂ
ಸಣ್ಣ ಪಾಸು ಅವರ ಮಾತು ನನಗೆ ಸರಿಯಾಗಿ ತಾಗಿತು. ನಾನು ಹೈಸ್ಕೂಲ್ ಪೀಟಿ ಟೀಚರ್, ಹುಡುಗಿಯರ ಟೀಮ್ ನೋಡಿಕೊಳ್ಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೂ ಕಾಲೇಜಲ್ಲಿ ಬರೆಸಿದ 4-4-2 ನೋಟ್ಸೇ ಗತಿ. ಟೀಮಲ್ಲಿ ಒಂದು ಕುಳ್ಳಿ ಹುಡುಗಿ ಇದ್ದಳು. ಓಡೋಕೆ ನಿಧಾನ. ಆದರೆ ಚೆಂಡು ಬರೋ ಮೊದಲೇ ಒಂದು ಸಲ ಹಿಂದೆ ತಿರುಗಿ ನೋಡುತ್ತಿದ್ದಳು, ಯಾರೂ ಹೇಳಿಕೊಟ್ಟಿರಲಿಲ್ಲ. ಮಧ್ಯೆ ಹಾಕಿದರೆ ಎದುರಿನವರು ತಳ್ಳಿಬಿಡ್ತಾರೆ ಅಂತ ನಾನು ಅವಳನ್ನು ವಿಂಗಲ್ಲಿ ನಿಲ್ಲಿಸಿದೆ. ಎರಡು ವರ್ಷ ಗೆರೆ ಪಕ್ಕ ಓಡಿ ಓಡಿ ಸುಸ್ತಾದಳು, ಆಮೇಲೆ ಆಟಾನೇ ಬೇಡ ಮೇಡಂ ಅಂದಳು.

ಅವರ ಅಪ್ಪನಿಗೆ ವರ್ಗ ಆಗಿ ಬೇರೆ ತಾಲ್ಲೂಕಿಗೆ ಹೋದರು. ಮುಂದಿನ ವರ್ಷ ಜಿಲ್ಲಾ ಮಟ್ಟದಲ್ಲಿ ಅದೇ ಹುಡುಗಿ ಎದುರು ಟೀಮಲ್ಲಿ, ಡಿಫೆನ್ಸ್ ಮುಂದೆ ನಿಂತುಕೊಂಡು, ಓಡದೆ, ನಮ್ಮನ್ನು ಹಾಗೇ ಬಿಡಿಸಿಟ್ಟಳು. 3-0. ಮ್ಯಾಚ್ ಮುಗಿದ ಮೇಲೆ ಬಂದು ಕಾಲಿಗೆ ಬೇರೆ ಬಿದ್ದಳು. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ಗೊತ್ತಾಗಲಿಲ್ಲ.

ಹಳೇ ಬೂಟು
ಮೇಡಂ, ಅವಳು ನಿಮ್ಮ ಪಿರ್ಲೊ. ಆಂಚೆಲೊಟ್ಟಿ ಮಿಲಾನ್‌ನಲ್ಲಿ ಮಾಡಿದ್ದೂ ಅದೇ. ಫಾರ್ವರ್ಡ್‌ಗಳ ಹಿಂದೆ ಆಡೋ ನಿಧಾನದ ಹತ್ತನೇ ನಂಬರ್ ಆಟಗಾರನನ್ನು ಡಿಫೆನ್ಸ್ ಮುಂದೆ ಇಳಿಸಿ ಇಡೀ ಆಟ ಅವನ ಕಾಲಿಂದ ಶುರುವಾಗೋ ಹಾಗೆ ಮಾಡಿದರು. ಅದು ಅವರ ಕಂಡುಹಿಡಿತ.

ಹುಬ್ಳಿ ಹಾಫ್‌ಬ್ಯಾಕ್
ಸ್ವಲ್ಪ ತಿದ್ದುಪಡಿ ರೀ. ಪಿರ್ಲೊನನ್ನು ಮೊದಲು ಹಿಂದೆ ಇಳಿಸಿದ್ದು ಬ್ರೆಶಾ ಕ್ಲಬ್ಬಿನ ಕೋಚ್ ಕಾರ್ಲೊ ಮಜೋನೆ, 2001ರಲ್ಲಿ. ಯಾಕಂದ್ರೆ ಮುಂದಿನ ಜಾಗದಲ್ಲಿ ಬ್ಯಾಜಿಯೊ ಇದ್ದ. ಮಜೋನೆ ಹೆಸರು ಯಾರೂ ಹೇಳಲ್ಲ ಪಾಪ.

ಹಳೇ ಬೂಟು
ಸರಿ, ಒಪ್ಪಿದೆ. ಬೀಜ ಮಜೋನೆ ಹಾಕಿದ್ದು. ಆದರೆ ಮರ ಮಾಡಿದ್ದು ಇವರು. ಅಕ್ಷರಶಃ ಮರ. ಕ್ರಿಸ್‌ಮಸ್ ಮರ ಅಂತಲೇ ಆ 4-3-2-1ಕ್ಕೆ ಹೆಸರು. ಬುಡದಲ್ಲಿ ನಾಲ್ವರು, ಮೇಲೆ ಮೂವರು, ಅದರ ಮೇಲೆ ಇಬ್ಬರು, ತುದಿಯಲ್ಲಿ ಒಬ್ಬ. ಪಿರ್ಲೊ ಮಧ್ಯೆ ನಿಂತು ಪಾಸು ಹಂಚುತ್ತಾನೆ. ಅವನಿಗೆ ಟ್ಯಾಕಲ್ ಮಾಡೋಕೆ ಬರಲ್ಲ. ಅದಕ್ಕೆ ಒಂದು ಪಕ್ಕ ಗಟ್ಟುಸೊ, ಕಾವಲು ನಾಯಿ ತರ. ಇನ್ನೊಂದು ಪಕ್ಕ ಸೀಡಾರ್ಫ್. ಮುಂದೆ ರೂಯಿ ಕೋಸ್ಟಾ, ಕಾಕಾ. ಹತ್ತನೇ ನಂಬರ್‌ಗೆ ಜಾಗ ಇಲ್ಲ ಅಂದಿದ್ದ ಮನುಷ್ಯನೇ ಹತ್ತನೇ ನಂಬರ್‌ಗಳನ್ನೆಲ್ಲ ಒಂದೇ ಟೀಮಿಗೆ ತುಂಬಿದ್ದು! 2003ರಲ್ಲಿ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಫೈನಲ್ ಗೆದ್ದಿದ್ದು ಯಾರ ಮೇಲೆ? ಹಂದಿ ಬ್ಯಾನರ್‌ನ ಯುವೆಂಟಸ್ ಮೇಲೆ. ಪೆನಾಲ್ಟಿಯಲ್ಲಿ.

ಲೆಕ್ಕದ ಮೇಷ್ಟ್ರು
0-0. ಎರಡು ಗಂಟೆ ನಿದ್ದೆ ಮಾತ್ರೆ. ಆಮೇಲೆ ಪೆನಾಲ್ಟಿ, ಅಂದರೆ ಲಕ್ಕು. ಮುಂದಿನ ಫೈನಲ್ ಇಸ್ತಾಂಬುಲ್ ಅಲ್ವಾ? ಅದನ್ನು ಯಾಕೆ ಯಾರೂ ಎತ್ತುತ್ತಿಲ್ಲ?

ಹುಬ್ಳಿ ಹಾಫ್‌ಬ್ಯಾಕ್
ಅಯ್ಯೋ ಅದನ್ನು ಎತ್ತಬೇಡಿ ರೀ. 2005. ಹಾಸ್ಟೆಲಿನ ಟಿವಿ ರೂಮು. ಒಂದೇ ಟಿವಿ, ಮೇಲೆ ಅಲ್ಯೂಮಿನಿಯಂ ತಟ್ಟೆ ಮುಚ್ಚಿದರೆ ಮಾತ್ರ ಚಿತ್ರ ನಿಲ್ಲುತ್ತಿತ್ತು. ರಾತ್ರಿ ಹನ್ನೆರಡೂ ಕಾಲಿಗೆ ಮ್ಯಾಚ್ ಶುರು. ಮೊದಲ ನಿಮಿಷಕ್ಕೇ ಮಾಲ್ದಿನಿ ಗೋಲು. ಆಮೇಲೆ ಕ್ರೆಸ್ಪೊ ಎರಡು. ಹಾಫ್ ಟೈಮಿಗೆ 3-0. ನಾನು ಮಿಲಾನ್ ಕಡೆ. ಲಿವರ್‌ಪೂಲ್ ಕಡೆಯ ರೂಮ್‌ಮೇಟ್ ಜೊತೆ ಒಂದು ತಿಂಗಳ ಗಿರ್ಮಿಟ್ ಪಂಥ ಕಟ್ಟಿದ್ದೆ. ಗೆದ್ದೆ ಅಂತ ಹೋಗಿ ಮಲಗಿಬಿಟ್ಟೆ ರೀ.

ಬೆಳಿಗ್ಗೆ ಎದ್ದರೆ ಅವನು ಹಾಸಿಗೆ ಪಕ್ಕ ಕೂತು ನಗ್ತಿದ್ದಾನೆ. ಆರು ನಿಮಿಷದಲ್ಲಿ ಮೂರು ಗೋಲು. ಜೆರಾರ್ಡ್, ಸ್ಮಿಸರ್, ಅಲೊನ್ಸೊ. ಕೊನೆಗೆ ಪೆನಾಲ್ಟಿಯಲ್ಲಿ ಆ ಗೋಲಿ ದುದೆಕ್ ಕುಣಿದು ಕುಣಿದು ಗೆಲ್ಲಿಸಿದನಂತೆ. ನಾನು ನಂಬಲೇ ಇಲ್ಲ, ಪೇಪರ್ ಬರೋ ತನಕ. ಪೇಪರಲ್ಲೂ ಬಂದಿರಲಿಲ್ಲ, ಪ್ರಿಂಟ್ ಆದ ಮೇಲೆ ಮುಗಿದ ಮ್ಯಾಚು. ಮರುದಿನದ ಪೇಪರ್ ಬಂದ ಮೇಲೇ ಗಿರ್ಮಿಟ್ ಕೊಡಿಸೋಕೆ ಶುರು ಮಾಡಿದ್ದು.

ಸಣ್ಣ ಪಾಸು
ಅದರ ಮುಂದಿನ ಭಾಗ ಬರೆಯೋದು ಬಿಟ್ರಲ್ಲ. 2006ರಲ್ಲಿ ಮ್ಯಾಚ್ ಫಿಕ್ಸಿಂಗ್ ಗಲಾಟೆಯಲ್ಲಿ ಮಿಲಾನ್‌ಗೂ ಪಾಯಿಂಟ್ ಕಡಿತ ಆಯಿತು. ಚಾಂಪಿಯನ್ಸ್ ಲೀಗಿಗೆ ಅರ್ಹತಾ ಸುತ್ತಿನಿಂದ ಬರಬೇಕಾಯಿತು. ಅಲ್ಲಿಂದ ಹತ್ತಿ ಅಥೆನ್ಸ್ ಫೈನಲ್ ತನಕ ಬಂದರು. ಎದುರು ಮತ್ತೆ ಅದೇ ಲಿವರ್‌ಪೂಲ್. ಇಂಜಾಗಿ ಎರಡು, 2-1. ಆ ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿ ಬ್ಯಾಲನ್ ಡಿ'ಓರ್ ಕಾಕಾಗೆ.

ಹುಬ್ಳಿ ಹಾಫ್‌ಬ್ಯಾಕ್
ಆ ಸಲ ಪಂಥ ಕಟ್ಟಿರಲಿಲ್ಲ. ನನ್ನ ಹಣೆಬರಹ.

ನೀಲಿ ಗ್ಯಾಲರಿ
ಸ್ವಲ್ಪ ನಮ್ಮ ಕಡೆ ಬನ್ನಿ. ಆ ಮಿಲಾನ್ ಟೀಮಿನ ನೆಸ್ಟಾ 2014ರಲ್ಲಿ ಇಂಡಿಯನ್ ಸೂಪರ್ ಲೀಗಿನ ಚೆನ್ನೈಯಿನ್ ಕ್ಲಬ್ಬಿಗೆ ಕೋಚ್ ಆಗಿದ್ದರು, ಅಲ್ವಾ?

ಕುಡ್ಲ ಕಾರ್ನರ್
ಇಲ್ಲ ಮಾರಾಯ್ರೆ, ನೆಸ್ಟಾ ಆಡ್ಲಿಕ್ಕೆ ಬಂದದ್ದು. ಕೋಚ್ ಮತೆರಾಜಿ. ಜಿದಾನ್ ಹತ್ರ ಎದೆಗೆ ಗುದ್ದಿಸಿಕೊಂಡವರು. ಮೊದಲ ವರ್ಷ ಅವರೇ ಕೋಚ್, ಅವರೇ ಆಟಗಾರ. 2015ರಲ್ಲಿ ಗೋವಾದ ಫತೋರ್ಡಾದಲ್ಲಿ ಫೈನಲ್, ಎಫ್‌ಸಿ ಗೋವಾ ಎದುರು 3-2. ಗೆದ್ದದ್ದು ಕೊನೆ ನಿಮಿಷದ ಮೆಂಡೋಜಾ ಗೋಲಲ್ಲಿ. ಡೆಲ್ಲಿಗೆ ದೆಲ್ ಪಿಯೆರೊ ಆಡ್ಲಿಕ್ಕೆ, ಮತ್ತೆ 2016ರಲ್ಲಿ ಜಂಬ್ರೊಟ್ಟಾ ಕೋಚ್ ಆಗಿ. ಇಟಲಿಯ 2006ರ ವಿಶ್ವಕಪ್ ಟೀಮಿನ ಅರ್ಧ ಜನ ನಮ್ಮಲ್ಲಿ ಬಂದು ಬೆವರಿದ್ದಾರೆ.

ನೀಲಿ ಗ್ಯಾಲರಿ
ನಮ್ಮ ಬೆಂಗಳೂರು ಎಫ್‌ಸಿಗೂ ಕೋಚ್ ಆಗಿ ಒಬ್ಬ ಇಟಲಿಯವರು ಬಂದಿದ್ದರಲ್ಲ, ಪೆಜ್ಜಾಯುವೊಲಿ.

ಹಳೇ ಬೂಟು
ಹೆಸರು ಇಟಲಿದು, ಹುಟ್ಟಿದ್ದು ಜರ್ಮನಿಯ ಮಾನ್‌ಹೈಮ್‌ನಲ್ಲಿ. ವಿಷಯಕ್ಕೆ ಬನ್ನಿ ಎಲ್ಲರೂ.

ಗೋಲ್‌ಕಿಕ್ ಗಿರಾಕಿ
ಆಂಚೆಲೊಟ್ಟಿ ಅಂದರೆ ಫುಟ್‌ಬಾಲಿನ ದ್ರಾವಿಡ್. ಮಾತು ಕಮ್ಮಿ, ಜಗಳ ಇಲ್ಲ, ಕೆಲಸ ಮುಗಿಸೋದು.

ಸುಮ್ನೆ ಓದುವವ
ಎಲ್ಲದಕ್ಕೂ ದ್ರಾವಿಡ್ ತರಬೇಡಿ ಮಾರಾಯ. ಐದು ವರ್ಷದಿಂದ ಇಲ್ಲಿ ಸುಮ್ನೆ ಓದ್ತಾ ಇದ್ದೆ, ಇದಕ್ಕೋಸ್ಕರ ಅಕೌಂಟ್ ಮಾಡಿದೆ.

ಲೆಕ್ಕದ ಮೇಷ್ಟ್ರು
ದ್ರಾವಿಡ್‌ರನ್ನು ಯಾರೂ ಕೆಲಸದಿಂದ ಓಡಿಸಲಿಲ್ಲ. ಇವರನ್ನು ಎಷ್ಟು ಕಡೆ ಓಡಿಸಿದ್ದಾರೆ ಲೆಕ್ಕ ಹಾಕಿ. ಯುವೆಂಟಸ್, ಚೆಲ್ಸಿ, ಮ್ಯಾಡ್ರಿಡ್, ಬಯರ್ನ್, ನಾಪೊಲಿ. ಬಯರ್ನ್‌ನಲ್ಲಿ ಪಿಎಸ್‌ಜಿ ಎದುರು 3-0 ಸೋತ ಮರುದಿನವೇ ಗೇಟ್ ಪಾಸ್. ನಾಪೊಲಿಯಲ್ಲಿ ಆಟಗಾರರು ಮಾಲೀಕನ ಮಾತು ಕೇಳದೆ ಕ್ಯಾಂಪ್ ಬಿಟ್ಟು ಮನೆಗೆ ಹೋದರು, ಇವರು ನಡುವೆ ಸಿಕ್ಕಿಕೊಂಡರು. ತಣ್ಣಗಿರೋದು ಕಪ್ ಬರೋ ತನಕ ಚೆಂದ. ಆಮೇಲೆ ಅದನ್ನೇ ಸಡಿಲ ಅಂತಾರೆ. ಬಯರ್ನ್‌ನಲ್ಲಿ ಬಂದ ದೂರೂ ಅದೇ ಅಲ್ವಾ, ಟ್ರೈನಿಂಗ್ ಸಡಿಲ ಅಂತ.

ಸಣ್ಣ ಪಾಸು
ನಾಪೊಲಿಯಲ್ಲಿ ತೆಗೆದಿದ್ದು ಗೆಂಕ್ ಎದುರು 4-0 ಗೆದ್ದು, ಚಾಂಪಿಯನ್ಸ್ ಲೀಗ್ ನಾಕೌಟಿಗೆ ಹೋದ ರಾತ್ರಿ. ಜಾಗಕ್ಕೆ ಬಂದಿದ್ದು ಯಾರು? ಅವರದೇ ಕಾವಲು ನಾಯಿ ಗಟ್ಟುಸೊ.

ಚೆಲ್ಸಿಯದ್ದು ಇನ್ನೂ ಕೆಟ್ಟದು. ಮೊದಲ ವರ್ಷ ಲೀಗ್, ಎಫ್‌ಎ ಕಪ್ ಎರಡೂ. ಲೀಗಲ್ಲಿ 103 ಗೋಲು, ಕೊನೆ ದಿನ ವಿಗನ್‌ಗೆ ಎಂಟು. ಮುಂದಿನ ವರ್ಷ ಎರಡನೇ ಸ್ಥಾನ. 2011ರ ಮೇ, ಕೊನೆಯ ಮ್ಯಾಚು ಎವರ್ಟನ್ ಮೈದಾನದಲ್ಲಿ, 1-0 ಸೋಲು. ಮ್ಯಾಚ್ ಮುಗಿದು ಇನ್ನೂ ಮೈದಾನ ಬಿಟ್ಟಿರಲಿಲ್ಲ, ಅಲ್ಲೇ ಕಾರಿಡಾರ್‌ನಲ್ಲಿ ಕೆಲಸ ಹೋಯಿತು ಅಂದರು. ಎಂಟು ವರ್ಷ ಆದಮೇಲೆ ಅದೇ ಎವರ್ಟನ್‌ಗೆ ಕೋಚ್ ಆಗಿ ಅದೇ ಕಾರಿಡಾರ್‌ನಲ್ಲಿ ನಡೆದುಕೊಂಡು ಬಂದರು ನೋಡಿ.

ಪೀಟಿ ಮೇಡಂ
ಎವರ್ಟನ್‌ನಲ್ಲಿ ದೊಡ್ಡ ಟೀಮ್ ಇರಲಿಲ್ಲ, ಅಲ್ಲಿ ಏನು ಮಾಡಿದರು? ಪ್ರಶ್ನೆಗೆ ಉತ್ತರ ಅಲ್ಲಿ ಸಿಗಬೇಕು.

ಲೆಕ್ಕದ ಮೇಷ್ಟ್ರು
ಮೇಡಂ ಸರಿಯಾದ ಕಡೆ ಕೈ ಇಟ್ಟರು. ಹತ್ತನೇ ಸ್ಥಾನ.

ಹುಬ್ಳಿ ಹಾಫ್‌ಬ್ಯಾಕ್
2021ರಲ್ಲಿ ಆನ್‌ಫೀಲ್ಡ್‌ಗೆ ಹೋಗಿ ಲಿವರ್‌ಪೂಲ್‌ಗೆ 2-0 ಹೊಡೆದರು. 1999ರ ಮೇಲೆ ಎವರ್ಟನ್ ಅಲ್ಲಿ ಗೆದ್ದಿರಲಿಲ್ಲ. ನನಗೆ ಅಷ್ಟು ಸಾಕು. ಗಿರ್ಮಿಟ್ ಬಡ್ಡಿ ಸಮೇತ ವಾಪಸ್ ಬಂತು.

ಹಳೇ ಬೂಟು
ಮೇಡಂ ಪ್ರಶ್ನೆ ನ್ಯಾಯವಾದದ್ದು. ಸಣ್ಣ ಟೀಮನ್ನು ಮೇಲೆ ಎಳೆಯೋದರಲ್ಲಿ, ಕೋಚ್ ರನಿಯೇರಿ ಲೆಸ್ಟರ್‌ಗೆ ಲೀಗ್ ಗೆಲ್ಲಿಸಿದಂಥದ್ದು ಇವರು ಮಾಡಿಲ್ಲ. ಒಪ್ಪೋಣ. ಆದರೆ ದೊಡ್ಡ ಆಟಗಾರರ ಗುಂಪು ಇಟ್ಟುಕೊಂಡು ಮನೆ ನಡೆಸೋದು ಬೇರೆಯೇ ವಿದ್ಯೆ. ಮ್ಯಾಡ್ರಿಡ್‌ನಲ್ಲಿ 2013ರಲ್ಲಿ ಬಂದಾಗ ಆ ಕ್ಲಬ್ ಹತ್ತನೇ ಚಾಂಪಿಯನ್ಸ್ ಲೀಗ್ ಕಪ್‌ಗಾಗಿ 2002ರಿಂದ ಕಾಯ್ತಾ ಇತ್ತು. ರೊನಾಲ್ಡೊ, ಬೇಲ್, ಬೆನ್ಜೆಮಾ ಮೂವರೂ ಮುಂದೆ ಬೇಕು. ವಿಂಗ್‌ನಲ್ಲಿದ್ದ ಡಿ ಮಾರಿಯಾ ಎಲ್ಲಿಗೆ ಹೋಗಬೇಕು? ಒಳಗೆ ಎಳೆದು ಮಿಡ್‌ಫೀಲ್ಡರ್ ಮಾಡಿದರು. ಲಿಸ್ಬನ್ ಫೈನಲ್‌ನಲ್ಲಿ ಮ್ಯಾಚಿನ ಶ್ರೇಷ್ಠ ಆಟಗಾರ ಅವನೇ.

2023ರಲ್ಲಿ ಬೆನ್ಜೆಮಾ ಸೌದಿಗೆ ಹೋದ, ಜಾಗಕ್ಕೆ ಯಾರನ್ನೂ ದೊಡ್ಡದಾಗಿ ಕೊಳ್ಳಲಿಲ್ಲ. ಕುರ್ತುವಾ, ಮಿಲಿಟಾವೊ, ಅಲಾಬಾ ಮೂವರಿಗೂ ಮಂಡಿ ಹೋಯಿತು. ಬೆಲಿಂಗ್‌ಹ್ಯಾಮ್ ಅನ್ನೋ ಮಿಡ್‌ಫೀಲ್ಡರ್‌ನನ್ನು ಮುಂದೆ ಬಿಟ್ಟರು, ಲೀಗಲ್ಲೇ 19 ಗೋಲು. ಆ ವರ್ಷ ಲೀಗ್, ಚಾಂಪಿಯನ್ಸ್ ಲೀಗ್ ಎರಡೂ.

ಮಂಡಿ ಹೋದ ಹುಡುಗರ ಹತ್ತಿರ ಇವರು ಏನು ಮಾತಾಡಿರಬಹುದು ಅಂತ ನನಗೆ ಆಗಾಗ ಅನ್ನಿಸುತ್ತೆ.

ಲೆಕ್ಕದ ಮೇಷ್ಟ್ರು
ಹಾಗಾದರೆ 2022ರ ಚಾಂಪಿಯನ್ಸ್ ಲೀಗ್? ಪಿಎಸ್‌ಜಿ, ಚೆಲ್ಸಿ, ಮ್ಯಾಂಚೆಸ್ಟರ್ ಸಿಟಿ, ಮೂರೂ ಸಲ ಸತ್ತು ಬದುಕಿದರು. ಸಿಟಿ ಎದುರು 89ನೇ ನಿಮಿಷದ ತನಕ, ಎರಡು ಮ್ಯಾಚಿನ ಒಟ್ಟು ಲೆಕ್ಕದಲ್ಲಿ, ಎರಡು ಗೋಲು ಹಿಂದೆ. ರೊಡ್ರಿಗೊ ಎರಡು ನಿಮಿಷದಲ್ಲಿ ಎರಡು. ಇದನ್ನು ಯಾವ ಬೋರ್ಡ್ ಮೇಲೆ ಬರೆದು ತೋರಿಸಿದ್ದರು ಅವರು?

ಸಣ್ಣ ಪಾಸು
ರೊಡ್ರಿಗೊ ಬೆಂಚಿಂದ ಬಂದವನು ಮೇಷ್ಟ್ರೇ. ಕಳಿಸಿದ್ದು ಯಾರು? ಆ ವರ್ಷದ ನಾಕೌಟಲ್ಲಿ ಗೆರೆ ಹತ್ತಿರ ನಿಂತು, ಆಗಲೇ ಹೊರಗೆ ಬಂದಿದ್ದ ಕ್ರೂಸ್, ಆಡದೆ ಕೂತಿದ್ದ ಮಾರ್ಸೆಲೊ ಜೊತೆ ಯಾರನ್ನು ಇಳಿಸೋದು ಅಂತ ಮಾತಾಡ್ತಾ ಇದ್ದ ದೃಶ್ಯ ನೋಡಿಲ್ವಾ? ಬೇರೆ ಕೋಚ್ ಆಗಿದ್ದರೆ ಮರ್ಯಾದೆ ಪ್ರಶ್ನೆ ಅಂತಿದ್ದರು. ಇವರು ಕೇಳ್ತಾರೆ.

ಲೆಕ್ಕದ ಮೇಷ್ಟ್ರು
ಅದು ಒಳ್ಳೇ ಮಾತು. ಅರ್ಧ ಮಾರ್ಕ್ಸ್ ಕೊಟ್ಟೆ.

ನೀಲಿ ಗ್ಯಾಲರಿ
ಆ ವರ್ಷ ಲೀಗ್ ಗೆದ್ದಾಗಿನ ಸಿಗಾರ್ ಫೋಟೊಗೆ ಇನ್ನರ್ಧ ಕೊಡಿ. ಕಪ್ಪು ಕನ್ನಡಕ, ಸುತ್ತ ವಿನಿಸಿಯಸ್, ಮಿಲಿಟಾವೊ, ಅಲಾಬಾ, ರೊಡ್ರಿಗೊ. ಮದುವೆ ಮನೆಯ ಹೆಣ್ಣಿನ ಸೋದರಮಾವ ತರ.

ಗೋಲ್‌ಕಿಕ್ ಗಿರಾಕಿ
ತೆರಿಗೆ ಕೇಸ್ ಬಗ್ಗೆ ಯಾರೂ ಮಾತಾಡಲ್ವಾ? 2025ರ ಜುಲೈನಲ್ಲಿ ಸ್ಪೇನ್ ಕೋರ್ಟ್ ಒಂದು ವರ್ಷ ಶಿಕ್ಷೆ ಹಾಕಿತಲ್ಲ, 2014ರ ಇಮೇಜ್ ರೈಟ್ಸ್ (ಹೆಸರು, ಫೋಟೊ ಬಳಸೋ ಹಕ್ಕು) ದುಡ್ಡಿಗೆ.

ಹಳೇ ಬೂಟು
ದಂಡವೂ ಬಿತ್ತು. ಮೊದಲ ಸಲದವರಿಗೆ ಅಷ್ಟು ಚಿಕ್ಕ ಶಿಕ್ಷೆಗೆ ಅಲ್ಲಿ ಸಾಮಾನ್ಯವಾಗಿ ಜೈಲು ಇರಲ್ಲ. 2015ರ ಆರೋಪದಿಂದ ಬಿಡುಗಡೆ ಆದರು. ಕೋಚಿಂಗ್‌ಗೂ ಅದಕ್ಕೂ ಸಂಬಂಧ ಇಲ್ಲ, ಆದರೆ ಮುಚ್ಚಿಡೋದೂ ಬೇಡ.

ನಿದ್ದೆಗೆಟ್ಟವನು
ಬ್ರೆಜಿಲ್‌ಗೆ ಬನ್ನಿ. ಮೊದಲ ವಿದೇಶಿ ಕೋಚ್ ಅಂತಾರೆ, ನಿಜಾನಾ?

ಹುಬ್ಳಿ ಹಾಫ್‌ಬ್ಯಾಕ್
ಪೂರ್ತಿ ನಿಜ ಅಲ್ಲ ರೀ. 1925ರಲ್ಲಿ ಉರುಗ್ವೆಯ ಪ್ಲಟೆರೊ, 1944ರಲ್ಲಿ ಪೋರ್ಚುಗಲ್‌ನ ಜೊರೆಕಾ, 1965ರಲ್ಲಿ ಅರ್ಜೆಂಟೀನಾದ ಫಿಲ್ಪೊ ನೂನೆಜ್. ಎಲ್ಲಾ ಕೆಲವೇ ಮ್ಯಾಚಿನ ಅತಿಥಿಗಳು. ಕಾಯಂ ಆಗಿ ವಿಶ್ವಕಪ್‌ಗೆ ಅಂತ ಕರೆಸಿದ್ದು ಇವರನ್ನೇ.

ಲೆಕ್ಕದ ಮೇಷ್ಟ್ರು
ಇನ್ನೊಂದು ಲೆಕ್ಕ ಕೊಡ್ತೀನಿ. 1930ರಿಂದ 2022ರವರೆಗೆ ವಿದೇಶಿ ಕೋಚ್ ಇಟ್ಟುಕೊಂಡು ಯಾವ ದೇಶವೂ ವಿಶ್ವಕಪ್ ಗೆದ್ದಿಲ್ಲ. ಒಂದೂ ಇಲ್ಲ.

ಕುಡ್ಲ ಕಾರ್ನರ್
ಹಾಗಾದ್ರೆ ಇವರು ಗೆದ್ದರೆ ನೀವು ಸುಮ್ಮನಾಗ್ತೀರಾ ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು
ಗೆದ್ದರೆ ಹಲಸೂರಿನ ಗೌತಮಪುರಕ್ಕೆ ಹೋಗಿ ಪೆಲೆ ಪ್ರತಿಮೆಗೆ ನಾನೇ ಹಾರ ಹಾಕ್ತೀನಿ. ಹಳದಿ ಜೆರ್ಸಿ ಹಾಕಿಕೊಂಡು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ನೀಲಿ ಗ್ಯಾಲರಿ
ತೆಗೆದಾಯ್ತು. ನಾನು ಆ ಏರಿಯಾದವನೇ. ವಿಶ್ವಕಪ್ ಬಂದರೆ ನಮ್ಮಲ್ಲಿ ಗೋಡೆ ಗೋಡೆಗೂ ಹಳದಿ ಹಸಿರು. ಜೂನ್‌ನಲ್ಲಿ ಪರಾಗ್ವೆಗೆ 1-0 ಹೊಡೆದು ಅರ್ಹತೆ ಸಿಕ್ಕಿತಲ್ಲ, ಆಂಚೆಲೊಟ್ಟಿಯ 66ನೇ ಹುಟ್ಟುಹಬ್ಬದ ದಿನ, ಗೋಲು ವಿನಿಸಿಯಸ್‌ದು. ಬೆಳಿಗ್ಗೆ ಟೀ ಅಂಗಡಿಯ ಅಂಕಲ್ ಬನ್ನು ಫ್ರೀ ಕೊಟ್ಟರು. ಜಪಾನ್ ಮ್ಯಾಚಿನ ಮರುದಿನ ಅದೇ ಅಂಕಲ್ ಮುಖ ತೋರಿಸಲಿಲ್ಲ.

ಹಳೇ ಬೂಟು
ಜಪಾನ್ ಎದುರು ಹಿಂದಿನ ಮ್ಯಾಚಿನ ಟೀಮಲ್ಲಿ ಎಂಟು ಜನರನ್ನು ಬದಲಾಯಿಸಿ ಆಡಿಸಿದ್ದು ಅಲ್ವಾ. ಜಪಾನ್‌ನ ಮೊದಲ ಗೋಲು ನಮ್ಮ ಡಿಫೆಂಡರ್ ಫಬ್ರಿಸಿಯೊ ಬ್ರೂನೊ ತಟ್ಟೆಯಲ್ಲಿಟ್ಟು ಕೊಟ್ಟಿದ್ದು. ಸ್ನೇಹಪರ ಮ್ಯಾಚು. ಯಾರು ಕೈಲಾಗದವರು ಅಂತ ತಿಳಿಯೋಕೆ ಇದೇ ಸಮಯ. ಸುತ್ತಿಗೆಯಲ್ಲಿ ತಟ್ಟಿ ನೋಡ್ತಾ ಇದ್ದಾರೆ ಅಂದುಕೊಳ್ಳಿ.

ಪಾರ್ಮಾದಲ್ಲಿ ಪುಳಿಯೋಗರೆ
ಬೂಟು ಸರ್, ಚೀಸ್ ನನ್ನದು, ಕ್ರೆಡಿಟ್ ಕೊಡಿ.

ನಿದ್ದೆಗೆಟ್ಟವನು
ಅಪ್‌ಡೇಟ್. ಊಟದ ಹೊತ್ತಲ್ಲಿ ಬ್ಯಾಜಿಯೊ–ಪಿರ್ಲೊ ಕಥೆ ಹೇಳಿದೆ, ಪೀಟಿ ಮೇಡಂ ಹುಡುಗಿ ಕಥೆನೂ ಸೇರಿಸಿ. ಪಕ್ಕದ ಸೀಟಿನವನು ಪೂರ್ತಿ ಕೇಳಿದ. ಆಮೇಲೆ ಏನೂ ಮಾತಾಡದೆ ಎಡ ಹುಬ್ಬು ಎತ್ತಿ, ನನ್ನ ಡಬ್ಬಿಯಿಂದ ಎರಡು ಹಪ್ಪಳ ತೆಗೆದುಕೊಂಡು ಹೋದ. ಗೆದ್ದೆನೋ ಸೋತೆನೋ ಗೊತ್ತಾಗ್ತಾ ಇಲ್ಲ.

ನವೆಂಬರ್ 15ಕ್ಕೆ ಲಂಡನ್‌ನಲ್ಲಿ ಸೆನೆಗಲ್ ಎದುರು ಮ್ಯಾಚಿದೆ. ಶನಿವಾರ, ಆಫೀಸ್ ರಜಾ. ಯಾರಾದರೂ ಒಟ್ಟಿಗೆ ನೋಡೋಣ ಅಂದರೆ ಹೇಳಿ.

ಹುಬ್ಳಿ ಹಾಫ್‌ಬ್ಯಾಕ್
ನಾನು ಬರ್ತೀನಿ ರೀ. ಹಾಫ್ ಟೈಮಿಗೆ ಮಲಗಲ್ಲ.